ಕೊಟ್ಟಷ್ಟೇ ಬರೆದ ಬಿಲ್ಲು

ಶಹಾಬಾದಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹತ್ತೊಂಬತ್ತು ವರ್ಷ ಬಿಲ್ಲು ಬರೆದವಳು ನಾನು. ನನ್ನ ಅಕ್ಷರ ದುಂಡಗೆ. ಅದರ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮ ಡಾಕ್ಟರ್ ಸಾಹೇಬರದು ಒಂದು ಪದ್ಧತಿ. ಆಪರೇಷನ್ ಮುಗಿಸಿ, ಕೈ ತೊಳೆದು ಹೊರಗೆ ಬಂದವರೇ ರೋಗಿಯ ಕಡೆಯವರ ಕಾಲಿನ ಚಪ್ಪಲಿ ನೋಡುತ್ತಿದ್ದರು. ಆಮೇಲೆ ನನ್ನ ಮೇಜಿನ ಹತ್ತಿರ ಬಗ್ಗಿ, "ಎಷ್ಟ್ ಕೊಡ್ತಾರೋ ಅಷ್ಟೇ ಬರಿ, ಬೇಟಿ" ಎನ್ನುತ್ತಿದ್ದರು. ಯಾರೋ ಸಾವಿರ ಕೊಟ್ಟರೆ ಸರ್ಜನ್ ಫೀ ಸಾವಿರ. ಯಾರೋ ತೊಗರಿಬೇಳೆ ತಂದುಕೊಟ್ಟರೆ ಬಿಲ್ಲಿನಲ್ಲಿ ಹಾಸಿಗೆ, ಔಷಧ ಮಾತ್ರ. ಕಲ್ಲಿನ ಖಣಿಯಲ್ಲಿ ದುಡಿಯುವವನೊಬ್ಬ ಹೊತ್ತು ತಂದ, ನೆಲಕ್ಕೆ ಹಾಸುವ ನಾಲ್ಕು ಪರಸಿಕಲ್ಲು ಇವತ್ತಿಗೂ ನಮ್ಮ ಮೆಟ್ಟಿಲಾಗಿವೆ. ಒಮ್ಮೆ ನಾನೇ ಜಾಣತನ ತೋರಿಸಲು ಹೋಗಿದ್ದೆ: ಪೂರ್ತಿ ಫೀ ಬರೆದು, ಬಿಟ್ಟದ್ದನ್ನು ಕೆಳಗೆ ಬೇರೆ ಬರೆಯಲೇ ಎಂದು ಸಾಹೇಬರನ್ನು ಕೇಳಿದೆ.

"ಬಿಟ್ಟಿದ್ದು ಬರದು ಕೊಟ್ರ ಅದು ಬಿಟ್ಟಂಗ ಆಗ್ತದೇನು? ಅಂವ ಮನಿಗಿ ಹೋಗಿ ದಿನಾ ಅದನ್ನ ಓದಬೇಕು. ಬ್ಯಾಡ."

ಹೀಗಾಗಿ ನಮ್ಮ ಬಿಲ್ಲಿನಲ್ಲಿ ರಿಯಾಯಿತಿ ಎಂಬ ಸಾಲೇ ಇರಲಿಲ್ಲ. ಕೊಟ್ಟದ್ದು ಇರುತ್ತಿತ್ತು, ಕೆಳಗೆ ಸಾಹೇಬರ ಸಹಿ. ಇದರಲ್ಲಿ ತಪ್ಪಿದೆ ಎಂದು ನನಗಾಗಲಿ ಅವರಿಗಾಗಲಿ ಹೊಳೆಯಲೇ ಇಲ್ಲ.

ಮುಂದೆ ಸಾಹೇಬರ ಕೈ ನಡುಗತೊಡಗಿತು. ಬೇರೆಯವರು ಹೇಳುವ ಮೊದಲೇ ಅವರು ಆಪರೇಷನ್ ಕೋಣೆಗೆ ತಾವೇ ಬೀಗ ಹಾಕಿದರು. ಆಮೇಲೆ ಜ್ವರ, ಕೆಮ್ಮು ನೋಡುವುದಷ್ಟೇ.

ಅದಾದ ಮರುವರ್ಷವೇ ನನ್ನ ಅಣ್ಣನಿಗೆ ಹರ್ನಿಯಾ ಆಯಿತು, ಎರಡೂ ತೊಡೆಸಂದಿಯಲ್ಲಿ. ಅಣ್ಣ ಕಲ್ಲಿಗೆ ಪಾಲಿಷ್ ಹೊಡೆಯುವ ಮಷೀನಿನ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವನು. ಕಲ್ಲಿನ ಪುಡಿ ಅವನ ಎದೆಯಲ್ಲೂ ಕೂತಿದೆ. ಸೇಡಂನ ಹೊಸ ಆಸ್ಪತ್ರೆಯ ಡಾಕ್ಟರು ಆ ಎದೆ ನೋಡಿ, ಎರಡನ್ನೂ ಒಟ್ಟಿಗೆ ಮಾಡುವುದು ಬೇಡ ಎಂದರು. ಮೊದಲು ಬಲಗಡೆ, ಮೂರು ತಿಂಗಳ ಮೇಲೆ ಎಡಗಡೆ. "ತಡಾ ಮಾಡಬ್ಯಾಡ್ರಿ. ಕೆಮ್ಮಿದಾಗ ಕರುಳು ಅಲ್ಲೇ ಸಿಕ್ಕೊಂಡ್ರ ಜೀವಕ್ಕ ಬರ್ತದ" ಎಂದೂ ಹೇಳಿದರು. ಅಣ್ಣನ ಹೆಸರಿಗೆ ನಾನು ವರ್ಷ ತಪ್ಪದೆ ಆರೋಗ್ಯ ವಿಮೆ ಕಟ್ಟಿದ್ದೆ. ಇದ್ದದ್ದನ್ನೆಲ್ಲ ಬಲಗಡೆಗೆ ಕೊಟ್ಟೆವು. ವಿಮೆಯಿಂದ ತಿರುಗಿ ಬರುವುದರಲ್ಲಿ ಎಡಗಡೆ, ಎಂಬುದು ನನ್ನ ಲೆಕ್ಕ.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹಾಸಿಗೆ, ಔಷಧದ ದುಡ್ಡು ಬಂತು. ಸರ್ಜನ್ ಫೀಯಲ್ಲಿ ಮಾತ್ರ ಮುಕ್ಕಾಲು ಪಾಲು ಹೊಡೆದುಹಾಕಿದ್ದರು. ಕಾರಣದ ಜಾಗದಲ್ಲಿ ಒಂದೇ ಸಾಲು: ಆ ಭಾಗದ ವಾಡಿಕೆಯ ದರಕ್ಕಿಂತ ಹೆಚ್ಚು.

ಸಿಟ್ಟು ತಲೆಗೇರಿ ಮರುದಿನವೇ ರೈಲು ಹತ್ತಿ ಕಲಬುರಗಿಯ ವಿಮಾ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. "ಕುಂದ್ರಿ ಅಕ್ಕಾರ. ನಾವು ಸುಮ್ಮ್ ಸುಮ್ಮ್ನ ಕಡಿಮಿ ಮಾಡಂಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಈ ಕಡೆ ಇದೇ ಆಪರೇಷನ್ಕ್ಕ ಯಾರ್ ಎಷ್ಟ್ ತಗೊಂಡಾರ ಅಂತ, ಹಿಂದ ವಿಮಾ ಕೇಳಿದವರು ಕೊಟ್ಟ ಹಳೀ ಬಿಲ್ ತಗದು ನೋಡ್ತೀವಿ. ಅದೇ ವಾಡಿಕಿ" ಎಂದು ಒಂದು ಫೈಲು ನನ್ನ ಕಡೆ ತಿರುಗಿಸಿದರು.

ರೋಗಿಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿದ್ದರು. ಉಳಿದದ್ದೆಲ್ಲ ಹಾಗೇ ಇತ್ತು. ದುಂಡಗಿನ ಅಕ್ಷರ. ಹಾಳೆ ಮಗುಚಿದೆ, ಮತ್ತೆ ಅದೇ ಅಕ್ಷರ. ಈ ನಾಲ್ಕೂರಿನಲ್ಲಿ ಹೆಚ್ಚು ಹರ್ನಿಯಾ ಮಾಡಿದವರು ನಮ್ಮ ಸಾಹೇಬರೇ, ಎಲ್ಲಕ್ಕೂ ಬಿಲ್ಲು ಬರೆದವಳು ನಾನೇ. ನನ್ನ ಅಣ್ಣನ ಹೊಟ್ಟೆಯ ದರ ಕಟ್ಟಿದ್ದು ನನ್ನ ಕೈ. ನನಗೆ ಅಳು ಬಂತು, ಆ ಹುಡುಗನ ಎದುರಿಗೇ ಅತ್ತೆ.

"ಇದು ಫೀ ಅಲ್ರಿ. ರೋಗಿಗಳ ಹತ್ರ ಇದ್ದದ್ದು ಇಷ್ಟೇ" ಎಂದೆ.

"ಹಂಗಂತ ಬಿಲ್ಲಿನ್ಯಾಗ ಎಲ್ಲ್ಯದರಿ?" ಎಂದರು. ಅವರು ಕೇಳಿದ್ದು ಸರಿಯೇ. ಎಲ್ಲೂ ಇರಲಿಲ್ಲ. ಕೊನೆಗೆ, ಆ ಡಾಕ್ಟರಿಂದಲೇ ಒಂದು ಪತ್ರ ತಂದುಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ ಎಂದರು.

ಸಾಹೇಬರು ಎಲ್ಲ ಕೇಳಿ ನನ್ನ ಕೈಯಲ್ಲಿ ಪತ್ರ ಬರೆಸಿ, ಎಡಗೈಯಿಂದ ಬಲಗೈ ಹಿಡಿದುಕೊಂಡು ಸಹಿ ಹಾಕಿದರು. ಹದಿನೈದು ದಿನಕ್ಕೆ ಪತ್ರ ವಾಪಸು ಬಂತು: ಹಳೆಯ ಬಿಲ್ಲುಗಳ ಸಹಿಗೆ ಇದು ಹೊಂದುವುದಿಲ್ಲ, ಡಾಕ್ಟರು ಖುದ್ದಾಗಿ ಬಂದು ಕಚೇರಿಯಲ್ಲಿ ಸಹಿ ಮಾಡಲಿ.

"ಖರೇನೇ ಅದ, ಬೇಟಿ. ಆ ಸಹಿ ಮಾಡ್ದಂವ ಈಗ ಇಲ್ಲ" ಎಂದು ಸಾಹೇಬರು ನಕ್ಕರು. ನಾನು ನಗಲಿಲ್ಲ. "ಸೋಮವಾರ ಹೋಗಮು. ಅವರ ಮುಂದೇ ಮಾಡ್ತೀನಿ" ಎಂದರು.

ಆ ಸಂಜೆ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಹೊಟ್ಟೆಗೆ ಬಿಗಿದ ಪಟ್ಟಿ ಸಡಿಲಿಸುತ್ತ ಕೇಳಿದ. ಕೇಳಿ, ನಮ್ಮ ಅಪ್ಪನ ಮಾತು ತೆಗೆದ. ಇದೇ ಆಪರೇಷನ್ ಅಪ್ಪನಿಗೂ ಆಗಿತ್ತು, ಸಾಹೇಬರ ಕೈಯಲ್ಲೇ.

"ಅವತ್ತ ಪೂರಾ ಫೀ ಬರದು ತೋರ್ಸಿದ್ರ ಅಪ್ಪ ಹಾಸಿಗಿ ಬಿಟ್ಟು ಎದ್ದು ಬರ್ತಿದ್ದ, ತಂಗಿ. ಬೇಡಿ ತಿಂದಂಗಾತು ಅಂತಿದ್ದ. ಅಪ್ಪನ್ನ ಕೊಯ್ದು ಉಳಿಸಿದ ಕೈ ಅದು. ನನ್ನ ಸಲುವಾಗಿ ಆ ಕೈ ಯಾರದೋ ಟೇಬಲ್ ಮ್ಯಾಲ ನಡುಗಬಾರ್ದು. ರೊಕ್ಕ ಬಂತು ಅಂತ ಹೇಳಿಬಿಡು."

ನಾನು ಜಗಳಾಡಿದೆ. ನಿನ್ನ ಜೀವಕ್ಕಿಂತ ಅವರ ಕೈ ದೊಡ್ಡದೇ ಎಂದು ಕೂಗಿದೆ. ಅವನು ಜಪ್ಪಯ್ಯ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಲಿನ ಗುಂಡಿ ಹಾಕಲಾಗದೆ ಮೆಟ್ಟಿಲ ಮೇಲೆ ನಿಂತಿದ್ದರು. ನಾನೇ ಆ ಗುಂಡಿ ಹಾಕಿ, "ಹೋಗೋದು ಬ್ಯಾಡ್ರಿ ಸಾಹೇಬ್ರ, ರೊಕ್ಕ ಬಂತು" ಎಂದೆ. ಅವರು ಕಣ್ಣು ಮುಚ್ಚಿ ದೇವರಿಗೆ ಶುಕ್ರಿಯಾ ಹೇಳಿದರು.

ಈಗಲೂ ವಾರಕ್ಕೊಮ್ಮೆಯಾದರೂ ಕೇಳುತ್ತಾರೆ, "ನಿಮ್ಮಣ್ಣಂದು ಎಡಗಡಿದು ಆತಲ್ಲ?"

"ಆತ್ರಿ" ಎನ್ನುತ್ತೇನೆ. ಪಕ್ಕದ ಅಂಗಳದಿಂದ ಪಾಲಿಷ್ ಮಷೀನಿನ ಸದ್ದು ಬರುತ್ತಿರುತ್ತದೆ. ಅದರ ಮುಂದೆ ಅಣ್ಣ, ಕೆಮ್ಮು ಬಂದಾಗಲೆಲ್ಲ ಎಡಸಂದಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಲ್ಲುತ್ತಾನೆ. ಮೂರು ತಿಂಗಳಿಗೆ ಆಗಬೇಕಿದ್ದ ಆಪರೇಷನ್ನಿಗೆ ಇದು ಹನ್ನೊಂದನೆಯ ತಿಂಗಳು.