ಉದುರದ ಕಾರ್ಡುಗಳು

ಮಲೇರಿಯಾ ಆಫೀಸಿನ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಶಿರ್ತಾಡಿಯಲ್ಲಿ, ಓದಿದ್ದು ಮೂಡುಬಿದಿರೆಯಲ್ಲಿ, ಕೆಲಸ ಸಿಕ್ಕಿದ್ದು ಬೆಳ್ತಂಗಡಿಯಲ್ಲಿ. ಲಾಯಿಲದಲ್ಲಿ ಒಂದು ಕೋಣೆ ಹಿಡಿದು ನಾನೇ ಗಂಜಿ ಬೇಯಿಸಿಕೊಳ್ಳುತ್ತಿದ್ದೆ.

ಕೆಲಸ ಹೇಳುವುದಕ್ಕೆ ಸುಲಭ. ನನ್ನ ಪಾಲಿಗೆ ಬಂದ ಮನೆಗಳಿಗೆಲ್ಲ ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಯಾರಿಗಾದರೂ ಜ್ವರ ಉಂಟಾ ಎಂದು ಕೇಳಬೇಕು. ಇದ್ದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು, ನಾಲ್ಕು ಮಾತ್ರೆ ಕೊಟ್ಟು, ಹೊರಗೋಡೆಯಲ್ಲಿ ಬರೆದಿಟ್ಟ ಚೌಕದೊಳಗೆ ತಾರೀಕು ಹಾಕಿ ಸಹಿ ಮಾಡಬೇಕು. ನನ್ನ ಸೆಕ್ಷನ್ ಮಡಂತ್ಯಾರಿನ ಆಚೀಚೆ. ಹೀಗೆ ನಾವು ಐದು ಜನ, ಐದು ಸೆಕ್ಷನ್.

ಶನಿವಾರ ಮಧ್ಯಾಹ್ನ ಎಲ್ಲರೂ ಡೈರಿ ಮತ್ತು ಗಾಜಿನ ಪಟ್ಟಿಗಳನ್ನು ಒಪ್ಪಿಸಲು ಆಫೀಸಿಗೆ ಬರುತ್ತಿದ್ದೆವು. ಆಫೀಸು ಒಂದು ಜವಳಿ ಅಂಗಡಿಯ ಮಹಡಿಯಲ್ಲಿ ಇತ್ತು. ಒಪ್ಪಿಸಿ ಆದ ಮೇಲೆ ನಾಲ್ಕು ಗಂಟೆಯ ಬಸ್ಸಿನವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಕೆಲವರು ಬೆಂಚಿನ ಮೇಲೆ ಒರಗಿ ನಿದ್ದೆ ಮಾಡುವರು. ಒಂದು ಶನಿವಾರ ನಮ್ಮಲ್ಲೊಬ್ಬರು ಸುಮ್ಮನೆ ಪಕ್ಕದ ಕೋಣೆಯ ಲ್ಯಾಬಿನ ಬಾಗಿಲಲ್ಲಿ ನಿಂತು, "ನಾವು ತಂದ ರಕ್ತದಲ್ಲಿ ನೀವು ಎಂತ ನೋಡುವುದು ಸಾಹೇಬರೇ?" ಎಂದು ಕೇಳಿದರು. ಅಲ್ಲಿಂದ ಶುರುವಾಯಿತು.

ಲ್ಯಾಬಿನ ಸಾಹೇಬರು ಬಂಟ್ವಾಳದ ಬ್ಯಾರಿ ಮುಸಲ್ಮಾನರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಂಗಿಯ ತೋಳನ್ನು ಎರಡೇ ಮಡಿಕೆ ಮಡಚುತ್ತಿದ್ದರು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಮಾತು ಕಡಿಮೆ. ಆ ದಿನ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಸ್ಟೂಲಿನ ಮೇಲೆ ಕೂರಿಸಿ ಮೈಕ್ರೋಸ್ಕೋಪ್ ತೋರಿಸಿದರು. ನೀಲಿ ಬಣ್ಣ ಹಾಕಿದ ರಕ್ತದೊಳಗೆ ಸಣ್ಣ ಉಂಗುರದ ಹಾಗೆ ಒಂದು ಗುರುತು. "ಅದೇ," ಅಂದರು. ನಾವು ಎಷ್ಟೋ ತಿಂಗಳಿಂದ ಬಿಸಿಲಿನಲ್ಲಿ ನಡೆದು ಹುಡುಕುತ್ತಿದ್ದದ್ದು ಅದನ್ನು ಎಂದು ಆವತ್ತೇ ಗೊತ್ತಾದದ್ದು.

ಮುಂದಿನ ಶನಿವಾರ ಯಾರೂ ನಿದ್ದೆ ಮಾಡಲಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುವುದು ಎಂದಾಯಿತು. ಅಕ್ಷರ ಚಂದ ಇದ್ದವರು ಫಾರಂ ತುಂಬುವುದನ್ನು ತೋರಿಸಿದರು. ನನಗೆ ಶೇಕಡಾ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಅದನ್ನು ನಾನು ಹೇಳಿಕೊಟ್ಟೆ. ನಮ್ಮಲ್ಲಿ ಹಿರಿಯರಾಗಿದ್ದ ಒಬ್ಬರು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಳ್ಳುವವರು, ಅಳುವ ಮಗುವಿನ ಬೆರಳನ್ನು ಹೇಗೆ ಹಿಡಿಯಬೇಕು ಎಂದು ನನ್ನ ಕೈಯನ್ನೇ ಹಿಡಿದು ತೋರಿಸಿದರು. ನಮ್ಮ ಮೇಲಧಿಕಾರಿ ಇನ್‌ಸ್ಪೆಕ್ಟರರು ತಮ್ಮ ಕೋಣೆಯಿಂದ ಇಣುಕಿ, "ಎಂತ, ಶಾಲೆಯಾ?" ಎಂದು ನಕ್ಕು ಹೋದರು. ಬೇಡ ಅನ್ನಲಿಲ್ಲ.

ಕಾರ್ಡುಗಳು ಬಂದದ್ದು ಆಮೇಲೆ. ಸಾಹೇಬರು ತರಬೇತಿಗೆ ಹೋಗಿದ್ದಾಗ ಎಲ್ಲೋ ನೋಡಿದ್ದಂತೆ. ಕೆಳಗಿನ ಅಂಗಡಿಯಿಂದ ಅಂಗಿ ಬಟ್ಟೆಯೊಳಗೆ ಇಡುವ ರಟ್ಟು ತಂದು ನಾವೇ ಒಂದೇ ಅಳತೆಗೆ ಕತ್ತರಿಸಿದೆವು. ಪ್ರತಿ ರಟ್ಟಿನ ಅಂಚಿನಲ್ಲಿ ಸಾಲಾಗಿ ತೂತು. ಒಂದು ಜ್ವರಕ್ಕೆ ಒಂದು ಕಾರ್ಡು. ಒಂದೊಂದು ತೂತಿಗೆ ಒಂದೊಂದು ಅರ್ಥ: ಮೊದಲನೆಯದು ಹೆಂಗಸು, ಎರಡನೆಯದು ಮಗು, ಆಮೇಲೆ ತಿಂಗಳು, ಮನೆಯ ಹತ್ತಿರ ನುಸಿ, ಅಂದರೆ ಸೊಳ್ಳೆ, ಮೊಟ್ಟೆಯಿಡುವ ನೀರಿನ ತೋಡು ಉಂಟಾ ಇಲ್ಲವಾ, ಹೀಗೆ. ಹೌದು ಎಂದಾದರೆ ಆ ತೂತನ್ನು ಕತ್ತರಿಯಿಂದ ಅಂಚಿನವರೆಗೆ ಸೀಳಿಬಿಡುವುದು. ಅಲ್ಲ ಎಂದಾದರೆ ಹಾಗೇ ಬಿಡುವುದು. ಕೊನೆಗೆ ಎಲ್ಲ ಕಾರ್ಡುಗಳನ್ನು ಜೋಡಿಸಿ, ಬೇಕಾದ ತೂತಿನೊಳಗೆ ಹಳೇ ಕೊಡೆಯ ಕಡ್ಡಿ ತೂರಿಸಿ ಎತ್ತಿದರೆ ಸೀಳಿದ ಕಾರ್ಡುಗಳು ಮೇಜಿನ ಮೇಲೆ ಉದುರುತ್ತವೆ, ಉಳಿದವು ಕಡ್ಡಿಯಲ್ಲಿ ನೇತಾಡುತ್ತವೆ. ತೋಡಿನ ಹತ್ತಿರದ ಜ್ವರಗಳು ಎಷ್ಟು ಎಂದು ಡೈರಿ ತಿರುವಿ ಎಣಿಸಲು ಅರ್ಧ ದಿನ ಬೇಕಾಗಿತ್ತು. ಈಗ ಒಂದು ಸಲ ಕೊಡವಿದರೆ ಸಾಕು. ನಾವು ಐದು ಜನ ಮೇಜಿನ ಸುತ್ತ ನಿಂತು, ಇದನ್ನು ಎತ್ತುವ, ಅದನ್ನು ಎತ್ತುವ ಎಂದು ಗಲಾಟೆ ಮಾಡಿದೆವು.

ನಾಲ್ಕು ತಿಂಗಳ ಜ್ವರಗಳನ್ನೆಲ್ಲ ಕಾರ್ಡಿಗೆ ಇಳಿಸಿದ ಶನಿವಾರ ಪ್ರತಿಯೊಬ್ಬರೂ ತಮ್ಮ ತಮ್ಮ ಕಟ್ಟನ್ನು ಎತ್ತಿ ತೋರಿಸುವುದೆಂದು ತೀರ್ಮಾನವಾಯಿತು. ಮೂವರದ್ದು ಮುಗಿಯಿತು. ನನ್ನ ಸರದಿ ಬಂತು. ಬೇರೆಯವರದ್ದಕ್ಕಿಂತ ನನ್ನ ಕಾರ್ಡುಗಳ ಅಂಚು ನೇರವಾಗಿತ್ತು, ಅದರ ಹೆಮ್ಮೆ ನನಗೆ. ಮೊದಲ ತೂತಿನಲ್ಲಿ, ಹೆಂಗಸಿನದ್ದರಲ್ಲಿ, ಕಡ್ಡಿ ತೂರಿಸಿ ಎತ್ತಿದೆ. ಒಂದೂ ಬೀಳಲಿಲ್ಲ. ಕೊಡವಿದೆ. ಬೀಳಲಿಲ್ಲ. ರಟ್ಟು ಅಂಟಿಕೊಂಡಿದೆಯೋ ಎಂದು ಬೆರಳಿಂದ ಬಿಡಿಸಿ ಮತ್ತೆ ಕೊಡವಿದೆ.

ಎಲೆಯಡಿಕೆಯ ಹಿರಿಯರು ಕಿಟಕಿಗೆ ಹೋಗಿ ಉಗುಳಿ ಬಂದು ಹೇಳಿದರು: "ಇವನ ಸೆಕ್ಷನಿನ ನುಸಿಗಳು ಭಾರೀ ಮರ್ಯಾದೆಯವು ಮಾರಾಯ್ರೆ. ಹೆಂಗಸರನ್ನು ಮುಟ್ಟುವುದೇ ಇಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಸೀಳಲಿಕ್ಕೆ ಮರೆತಿರಬೇಕು," ಎಂದೆ. ಮರೆತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸಾಹೇಬರು ನಗಲಿಲ್ಲ. ನನ್ನ ಕೈಯಿಂದ ಕಟ್ಟನ್ನು ತೆಗೆದುಕೊಂಡು ನೂಲು ಸುತ್ತಿ ಬದಿಗಿಟ್ಟು, "ಮುಂದಿನವರು," ಅಂದರು.

ಉಳಿದವರು ಬಸ್ಸಿಗೆ ಇಳಿದ ಮೇಲೆ ನನ್ನನ್ನು ಕರೆದರು.

"ಮನೆಗೆ ಹೋದರೆ ನೀವು ಯಾರನ್ನು ಕೇಳ್ತೀರಿ?"

"ಯಜಮಾನರನ್ನು."

"ಅವರು ಇಲ್ಲದಿದ್ದರೆ?"

"ಅಂಗಳದಿಂದ ಒಂದು ಕೂಗು ಹಾಕ್ತೇನೆ. ಯಾರೂ ಮಾತಾಡದಿದ್ದರೆ ಬರೆದು ಬರ್ತೇನೆ."

"ಎಂತ ಬರೀತೀರಿ?"

"ಜ್ವರ ಇಲ್ಲ ಅಂತ."

ಅವರು ಮೈಕ್ರೋಸ್ಕೋಪಿನ ಗಾಜನ್ನು ಒರೆಸಿದರು. "ಇಲ್ಲ ಅನ್ನುವುದು ಬೇರೆ, ಕೇಳಲಿಲ್ಲ ಅನ್ನುವುದು ಬೇರೆ. ನಾವು ಎರಡಕ್ಕೂ ಒಂದೇ ಗುರುತು ಹಾಕಿದ್ದೇವೆ. ಅದು ನನ್ನ ತಪ್ಪೂ ಹೌದು," ಎಂದರು.

ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ನಾನು ನಿಜ ಹೇಳಿದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಮನೆಯಲ್ಲಿ ಸೂಜಿ ಹೊರಗೆ ತೆಗೆದದ್ದೇ ತಡ, ಸೊಸೆ ಒಳಗೆ ಓಡಿದಳು, ಅತ್ತೆ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಜಗಲಿಗೆ ಬಂದು, ಗಂಡಸರಿಲ್ಲದ ಹೊತ್ತಿಗೆ ಹೆಂಗಸರ ಕೈ ಹಿಡಿಯಲು ಬಂದವನು ನೀನು ಯಾರು ಎಂದು ಕೇಳಿದ್ದಳು. ನಾನು ಅಕ್ಕತಂಗಿಯರಿಲ್ಲದೆ ಬೆಳೆದವನು. ಆವತ್ತಿಂದ ನನ್ನ ಕಾಲು ಅಂಗಳ ದಾಟಿರಲಿಲ್ಲ. ಗೋಡೆಯ ಚೌಕದಲ್ಲಿ ಸಹಿ ಮಾಡುವಾಗಲೂ ಬಾಗಿಲ ಕಡೆ ನೋಡುತ್ತಿರಲಿಲ್ಲ.

"ಇದನ್ನು ಮುಂದಿನ ಶನಿವಾರ ಎಲ್ಲರ ಎದುರಿಗೆ ಹೇಳ್ತೀರಾ?" ಎಂದರು ಸಾಹೇಬರು. "ಬೇರೆಯವರಿಗೂ ಇರಬಹುದು."

ಆ ವಾರವಿಡೀ ನನಗೆ ಊಟ ರುಚಿಸಲಿಲ್ಲ. ಆದರೂ ಹೇಳಿದೆ. ಹೇಳುವಾಗ ಮೇಜಿನ ಕಾಲನ್ನು ನೋಡುತ್ತಿದ್ದೆ. ಈ ಸಲ ಯಾರೂ ನಗಲಿಲ್ಲ. ನನ್ನ ಹಾಗೆಯೇ ಹೊಸಬನಾಗಿದ್ದ ಇನ್ನೊಬ್ಬ, ತನ್ನ ಕಟ್ಟಿನಲ್ಲಿ ಉದುರಿದ ಹೆಂಗಸರೆಲ್ಲ ತನ್ನ ನೆಂಟರ ಮನೆಯವರೇ ಎಂದು ಒಪ್ಪಿಕೊಂಡ. ಆಗ ಎಲೆಯಡಿಕೆಯ ಹಿರಿಯರು ಮುಂದೆ ಬಂದರು. ಆ ದಿನದ ಪಾಠ ಅವರದ್ದೇ.

"ನಿಂತುಕೊಂಡು ಕೇಳಬೇಡಿ. ಜಗಲಿಯಲ್ಲಿ ಕೂತು ನೀರು ಕೇಳಿ. ನೀರು ಕೊಟ್ಟ ಮನೆಯವರು ಮಾತೂ ಕೊಡ್ತಾರೆ. ಮೊದಲು ಚುಚ್ಚುವುದು ಅಜ್ಜಿಯ ಬೆರಳಿಗೆ. ಜ್ವರ ಇರಲಿ, ಇಲ್ಲದಿರಲಿ. ಅಜ್ಜಿ ಬೆರಳು ಕೊಟ್ಟರೆ ಇಡೀ ಮನೆಯೇ ಬೆರಳು ಕೊಟ್ಟ ಹಾಗೆ. ಮತ್ತೆ, ಜ್ವರ ಉಂಟಾ ಅಂತ ಕೇಳಲೇಬೇಡಿ. ನಿಲ್ಲಲಿಕ್ಕೆ ಆಗುವಷ್ಟು ದಿನ ಹೆಂಗಸರು ಅದನ್ನು ಜ್ವರ ಅನ್ನುವುದಿಲ್ಲ. ಈ ವಾರ ಯಾರಿಗೆ ಗಂಜಿ ಸೇರಲಿಲ್ಲ ಅಂತ ಕೇಳಿ."

ಸಾಹೇಬರು ಅದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡರು. ಕಾರ್ಡಿನಲ್ಲಿ ಇನ್ನೊಂದು ತೂತು ಹೆಚ್ಚಾಯಿತು: ಉತ್ತರ ಕೊಟ್ಟವರು ಹೆಂಗಸೇ? ಯಾರೂ ಉತ್ತರ ಕೊಡದ ಮನೆಗೆ ಇಲ್ಲ ಎಂದು ಬರೆಯದೆ, ಡೈರಿಯಲ್ಲಿ ಸೊನ್ನೆಯ ಬದಲು ಗೀಟು ಎಳೆಯುವುದೆಂದು ಒಪ್ಪಿಕೊಂಡೆವು.

ಸೋಮವಾರ ನಾನು ಮಡಂತ್ಯಾರಿನಲ್ಲಿ ಬಸ್ಸಿಳಿದು ಗುಡ್ಡದ ಬದಿಯ ಮನೆಗಳಿಂದ ಶುರು ಮಾಡಿದೆ. ಮೊದಲ ಎರಡು ಮನೆಯಲ್ಲಿ ನೀರು ಸಿಕ್ಕಿತು, ಮಾತು ಸಿಗಲಿಲ್ಲ. ಮೂರನೆಯ ಮನೆಯಲ್ಲಿ ಒಬ್ಬರು ಅಜ್ಜಿ ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದರು. ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರು. ಗಂಜಿಯ ಪ್ರಶ್ನೆ ಕೇಳಿದೆ. ಅಜ್ಜಿ ಕತ್ತರಿ ನಿಲ್ಲಿಸಿ ತುಳುವಿನಲ್ಲಿ ಹೇಳಿದರು: "ನನ್ನ ಸೊಸೆ. ಒಂದು ದಿನ ನಡುಗುತ್ತಾಳೆ, ಮರುದಿನ ಸರಿ, ಅದರ ಮರುದಿನ ಮತ್ತೆ ನಡುಗುತ್ತಾಳೆ. ತಿಂಗಳು ದಾಟಿತು."

ಅವರ ತಲೆಯ ಹಿಂದೆ ಗೋಡೆಯ ಚೌಕ ಇತ್ತು. ಆ ತಿಂಗಳಲ್ಲಿ ಎರಡು ತಾರೀಕು. ಎರಡರ ಎದುರಿಗೂ ನನ್ನ ಸಹಿ.

"ನಾನು ಬಂದಿದ್ದೆನಲ್ಲ ಅಜ್ಜಿ. ಹೇಳಲಿಲ್ಲ ಯಾಕೆ?"

"ನೀನು ಗೋಡೆಯ ಹತ್ತಿರ ಮಾತಾಡಿ ಹೋದೆ ಮಗಾ. ನಮ್ಮ ಹತ್ತಿರ ಎಲ್ಲಿ ಕೇಳಿದೆ?"

ಅವರು ಅದನ್ನು ಆಕ್ಷೇಪಣೆಯ ಹಾಗೆ ಹೇಳಲಿಲ್ಲ. ಅಜ್ಜಿಯ ಬೆರಳಿಗೆ ಮೊದಲು ಚುಚ್ಚಿದೆ. ಅವರು "ಇಷ್ಟೇಯಾ?" ಎಂದು ನಕ್ಕು ಒಳಗೆ ನೋಡಿ ಕರೆದರು. ಬಾಗಿಲ ಸಂದಿನಿಂದ ಒಂದು ಕೈ ಹೊರಗೆ ಬಂತು. ಮುಖ ಕಾಣಿಸಲಿಲ್ಲ. ಹೊಗೆಸೊಪ್ಪಿನ ಕಂದು ಬಣ್ಣ ಹತ್ತಿದ ಬೆರಳುಗಳು, ಸಡಿಲವಾಗಿ ಮಣಿಕಟ್ಟಿನಿಂದ ಜಾರುತ್ತಿದ್ದ ಗಾಜಿನ ಬಳೆಗಳು. ಬೆರಳು ಹಿಡಿದು ಸೂಜಿ ಚುಚ್ಚಿದೆ. ಆ ಕೈ ಅಲುಗಲಿಲ್ಲ.

ಶನಿವಾರದವರೆಗೆ ಕಾಯದೆ ಆವತ್ತೇ ಬೆಳ್ತಂಗಡಿಗೆ ಬಸ್ಸು ಹತ್ತಿದೆ. ಸಾಹೇಬರು ಊಟದ ಬುತ್ತಿಯನ್ನು ಮುಚ್ಚಿಟ್ಟು ಬಣ್ಣ ಹಾಕಿದರು. ಒಣಗುವವರೆಗೆ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ತಾವು ನೋಡಿದ ಮೇಲೆ ಸ್ಟೂಲು ಬಿಟ್ಟು ಎದ್ದರು. "ನೀವೇ ನೋಡಿ." ಉಂಗುರಗಳು ಒಂದಲ್ಲ, ಎರಡಲ್ಲ, ಹೋದಲ್ಲೆಲ್ಲ ಇದ್ದವು.

"ಇನ್‌ಸ್ಪೆಕ್ಟರರಿಗೆ ಯಾರು ಹೇಳುವುದು?" ಎಂದೆ.

"ನೀವು ಹೇಳಿ. ನಾನು ಜೊತೆಗೆ ನಿಲ್ಲುತ್ತೇನೆ."

ಇನ್‌ಸ್ಪೆಕ್ಟರರಿಗೆ ಸಿಟ್ಟು ಬಂತು. ನಾಲ್ಕು ತಿಂಗಳ ರಿಪೋರ್ಟು ಮಂಗಳೂರಿಗೆ ಹೋಗಿ ಆಗಿದೆ, ಈಗ ಅದೆಲ್ಲ ಅರ್ಧ ಸುಳ್ಳು ಎಂದು ತಾನು ಹೇಗೆ ಬರೆಯಲಿ ಎಂದು ಮೇಜು ಬಡಿದರು. ಆಮೇಲೆ ಕೂತುಕೊಂಡು ಬರೆದರು. ಸ್ವಲ್ಪ ದಿನಕ್ಕೆ ನನ್ನ ಹೆಸರಿಗೆ ಸಮಜಾಯಿಷಿ ಕೇಳಿ ಕಾಗದ ಬಂತು. ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಇನ್‌ಸ್ಪೆಕ್ಟರರೇ ಅದರ ಎರಡು ವಾಕ್ಯ ತಿದ್ದಿ, "ಇಷ್ಟು ಕಾಲು ಹಿಡಿಯುವುದು ಬೇಡ ಮಾರಾಯ," ಎಂದು ಕಳಿಸಿದರು. ಇನ್ನು ಮುಂದೆ ಎಚ್ಚರಿಕೆಯಿಂದಿರಬೇಕು ಎಂಬ ಒಂದು ಸಾಲಿನ ಉತ್ತರದೊಂದಿಗೆ ಅದು ಮುಗಿಯಿತು.

ಆ ಮನೆಗೆ ಐದು ದಿನ ಮಾತ್ರೆ ತೆಗೆದುಕೊಂಡು ಹೋಗಿ, ಎದುರಿಗೇ ನುಂಗಿಸಬೇಕಿತ್ತು. ಮೊದಲ ದಿನ ಕೈ ಮಾತ್ರ ಬಂದು ಮಾತ್ರೆ ಒಳಗೆ ಹೋಯಿತು. ಮೂರನೆಯ ದಿನ ಅವಳು ಬಾಗಿಲಲ್ಲಿ ನಿಂತಳು. ನನಗಿಂತ ಸಣ್ಣವಳು, ಕಣ್ಣು ಹಳದಿಯಾಗಿತ್ತು. ಐದನೆಯ ದಿನ ಜಗಲಿಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತು, ಮಾತ್ರೆ ನುಂಗಿ, ಮೊದಲ ಸಲ ನನ್ನ ಜೊತೆ ಮಾತಾಡಿದಳು: "ಕೆಳಗಿನ ಮನೆಯ ಅಕ್ಕನಿಗೂ ಹೀಗೇ ಉಂಟು. ಅವಳು ಹೇಳುವುದಿಲ್ಲ. ನಾನು ಬರ್ತೇನೆ, ಹೋಗುವ."

ಹಾಗೆ ಅವಳು ಮುಂದೆ, ನಾನು ಹಿಂದೆ, ಗದ್ದೆಯ ಹುಣಿಯ ಕಿರುದಾರಿಯಲ್ಲಿ ನಡೆದು ಹೋದೆವು. ಆ ಕೆಳಗಿನ ಮನೆಯಲ್ಲಿ ತಾಯಿಗೂ ಮಗುವಿಗೂ ಜ್ವರ ಇತ್ತು. ಇಬ್ಬರಿಗೂ ಗುಣವಾಯಿತು. ಮುಂದೆ ಆ ಕಡೆಯ ಏಳೆಂಟು ಮನೆಗಳಲ್ಲಿ ನಾನು ಕೇಳುವ ಮೊದಲೇ ಉತ್ತರ ಬರುತ್ತಿತ್ತು, ಕೆಲವೊಮ್ಮೆ ಜ್ವರಕ್ಕೆ ಸಂಬಂಧವೇ ಇಲ್ಲದ್ದಕ್ಕೂ: ಹಲ್ಲುನೋವು, ಹಸುವಿನ ಕೆಚ್ಚಲು, ಮುಂಬಯಿಗೆ ಹೋದ ಗಂಡನಿಗೆ ಬರೆಯಬೇಕಾದ ಕಾಗದ. ಕಾಗದ ಬರೆದುಕೊಟ್ಟೆ. ಕೆಚ್ಚಲಿನ ವಿಷಯ ಮುಂದಿನ ಶನಿವಾರ ಕೇಳಿಕೊಂಡು ಬರುತ್ತೇನೆ ಎಂದೆ.

ಎರಡು ವರ್ಷದ ಬಳಿಕ ಸಾಹೇಬರಿಗೆ ವರ್ಗವಾಯಿತು, ಅವರ ಊರಿನ ಹತ್ತಿರಕ್ಕೇ. ಹೋಗುವ ದಿನ ಸಭೆ, ಹಾರ ಏನೂ ಇರಲಿಲ್ಲ. ಅದೂ ಶನಿವಾರವೇ. ಮೈಕ್ರೋಸ್ಕೋಪನ್ನು ಹೊಸಬರಿಗೆ ಒಪ್ಪಿಸಿ, ಅದರ ಒಂದು ತಿರುಪು ಸಡಿಲ ಇರುವುದನ್ನು ತೋರಿಸಿ, ಚೀಲ ಹಿಡಿದುಕೊಂಡು ಬಂಟ್ವಾಳದ ಬಸ್ಸಿಗೆ ನಿಂತರು. ನಾನೂ ನಿಂತೆ. ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ, "ಮುಂದಿನ ವಾರ ಯಾರ ಪಾಠ?" ಎಂದು ಕೇಳಿದರು. ನನ್ನದು ಎಂದೆ. ಎಂತದು ಎಂದು ಅವರು ಕೇಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.