ಟೇಪು ಖಾಲಿಯಿದ್ದ ದಿನ

ಅವರ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಯಂತ್ರಕ್ಕೆ ಸಿಕ್ಕಿತೆಂದು ನನಗೆ ಹೇಳಿದ್ದರು. ಬೇರೆಯವರಿಗೆ ಬೇರೆ ಕಾರಣ ಹೇಳಿದ್ದನ್ನೂ ಕೇಳಿದ ನೆನಪು. ಉಳಿದ ಒಂಬತ್ತರಲ್ಲಿ ಅವರು ಟೈಪು ಮಾಡುತ್ತಿದ್ದ ವೇಗ ನನಗೆ ಎಂದೂ ಬರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ, ಪುಣೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವರು ನನ್ನ ಹಿರಿಯರು. ಕಲಬುರ್ಗಿ ಕಡೆಯವರು, ಡಿಪ್ಲೊಮಾ ಓದಿದವರು. ಎಂ.ಎಸ್ಸಿ. ಮುಗಿಸಿದ್ದ ನನಗೆ ಅವರಿಂದ ಕಲಿಯುವುದು ಏನೂ ಇಲ್ಲ ಅನ್ನಿಸಿತ್ತು. ಅಂಚೆ ಕಚೇರಿಗೆ ಅವರು ಕಳಿಸಿದ ಯಾರಾದರೂ ಮರಳಿ ಬಂದು ಬರೀ "ಹೋಗಿ ಬಂದೆ" ಅಂದರೆ ಅವರಿಗೆ ಸಾಲುತ್ತಿರಲಿಲ್ಲ.

"ಬಂದದ್ದು ಕಾಣಸ್ತದರಿ. ಅಲ್ಲೇನಂದ್ರು?"

ಕಾರ್ಖಾನೆಯ ಸರಕಿನ ಪರೀಕ್ಷಾ ದಾಖಲೆಗಳನ್ನು ಕಾದಿಡುವ ಟೇಪಿಗೆ ನಕಲಿಸಲು ನನ್ನ ಪ್ರೋಗ್ರಾಂ ಇನ್ನೊಂದನ್ನು, ಅಂದರೆ ಚೈಲ್ಡ್ ಪ್ರೋಸೆಸ್ ಒಂದನ್ನು, ಶುರುಮಾಡುತ್ತಿತ್ತು. ಅದು ಮುಗಿದೊಡನೆ "ನಕಲಾಯಿತು" ಎಂದು ತೋರಿಸಿ, ಡಿಸ್ಕಿನಲ್ಲಿದ್ದ ಮೂಲವನ್ನು ಅಳಿಸುತ್ತಿತ್ತು. ಚೈಲ್ಡ್ ಮುಗಿಯುವಾಗ ಒಂದು ಸಂಖ್ಯೆ ಕೊಟ್ಟುಹೋಗುತ್ತದೆ: ಸೊನ್ನೆಯಾದರೆ ಕೆಲಸ ಆಗಿದೆ, ಬೇರೆಯಾದರೆ ಕೆಟ್ಟಿದೆ. ನಾನು ಆ ಸಂಖ್ಯೆಯನ್ನು ನೋಡುವ ಸಾಲು ಬರೆದೇ ಇರಲಿಲ್ಲ. ಒಂದು ದಿನ ಟೇಪೂ ಖಾಲಿ, ಡಿಸ್ಕೂ ಖಾಲಿ.

ತಪ್ಪು, ಯಂತ್ರಕ್ಕೆ ಟೇಪು ಹಾಕುವ ಆಪರೇಟರನ ಮೇಲೆ ಬಂತು. ದೌಂಡದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದವನು. ಆರು ಜನರ ಮನೆಗೆ ಅವನದೊಂದೇ ನೌಕರಿ. ಟೇಪು ಸರಿಯಾಗಿ ಹಾಕಿಲ್ಲವೆಂದು ಅವನನ್ನು ತೆಗೆದುಹಾಕುವ ಪತ್ರವನ್ನು ಮ್ಯಾನೇಜರು ಸಿದ್ಧಪಡಿಸುತ್ತಿದ್ದರು.

ಹಿರಿಯರು ನನ್ನ ಪ್ರೋಗ್ರಾಮಿನ ಪ್ರಿಂಟೌಟ್ ಓದಿ, ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು.

"ಇಲ್ಲಿ ಚೈಲ್ಡ್ ವಾಪಸ್ ಬಂತು. ಏನ್ ಹೇಳ್ತು?"

"ಕೇಳಿಲ್ಲ ಸರ್."

"ಕೇಳಲಾರದ 'ಆಯ್ತು' ಅಂತ ಬರದ್ರಿ. ಭಾಳ ಶಾಣ್ಯಾರಿದ್ದೀರಿ."

"ಅವನು ಟೇಪು ಸರಿಯಾಗಿ ಹಾಕಿರಲಿಕ್ಕಿಲ್ಲ ಸರ್."

"ಹಾಕಿರಲಿಕ್ಕಿಲ್ರಿ. ಕೆಟ್ಟದ ಅಂತ ನೀವು ಹೇಳಿದ್ರ ಅಂವಾ ಮತ್ತ ಹಾಕ್ತಿದ್ದ. ಡಿಸ್ಕ್ ಅಳಿಸಿದವರು ಯಾರು?"

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಹಾಗೆ ನಂಬಿದ್ದೆ: ನಾನೇ ಮ್ಯಾನೇಜರ ಕೋಣೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಕೋಣೆಯ ಹಸಿರು ಪರದೆಯೂ ಕಣ್ಣಮುಂದಿದೆ. ಪತ್ರ ಹೊರಡಲಿಲ್ಲ, ಆಪರೇಟರ್ ಉಳಿದುಕೊಂಡ.

ಕೆಲವು ವರ್ಷಗಳ ನಂತರ ಹಿರಿಯರು ಹೃದಯಾಘಾತದಿಂದ ತೀರಿಕೊಂಡರು. ಅವರ ಮನೆಯ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಅದೇ ಆಪರೇಟರ್ ಸಿಕ್ಕ. ಆ ದಿನದ ಮಾತು ಬಂದಾಗ ಮರಾಠಿಯಲ್ಲಿ, ಸಹಜವಾಗಿ ಹೇಳಿದ: "ನೀವು ಕ್ಯಾಂಟೀನಿನಲ್ಲಿದ್ದಿರಿ. ಒಳಗೆ ಹೋದವರು ಈ ಮನೆಯ ಸಾಹೇಬರು. ಪ್ರೋಗ್ರಾಂ ತಮ್ಮದೇ ಅಂದರು."

ಇಬ್ಬರಲ್ಲಿ ಯಾರ ನೆನಪು ಸರಿ ಎಂದು ನಾನು ಇಂದಿಗೂ ತೀರ್ಮಾನಿಸಿಲ್ಲ. ಟೇಪು ಖಾಲಿಯಿದ್ದ ಆ ವರ್ಷ ನನಗೆ ಬಡ್ತಿ ಸಿಕ್ಕಿತು, ಹಿರಿಯರಿಗೆ ಸಿಗಲಿಲ್ಲ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.