ಹೆಂಗಸರ ಸಾಲಿನ ಕತೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ರಮಂದಿರದ ಒಳಗೆ ಒಂದೇ ಬಲ್ಬು ಉರಿಯುತ್ತಿದೆ. ಹೆಂಗಸೊಬ್ಬರು ಸಾಲಿನಿಂದ ಸಾಲಿಗೆ ಬಗ್ಗುತ್ತಾ ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದಾರೆ. ಗುಡಿಸುತ್ತಲೇ ಸಿನಿಮಾದ ಜಮೀನ್ದಾರನಾಗಿ ಗದರುತ್ತಾರೆ: "ಈ ಹೊಸಿಲು ದಾಟಿದ್ರೆ ನೀನು ನನ್ನ ಮಗನೇ ಅಲ್ಲ." ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಅವರೇ ಮಗ: "ಹಾಗಾದ್ರೆ ಅಲ್ಲ ಬಿಡಿ ಅಪ್ಪ." ಪೊರಕೆ ನಿಲ್ಲುತ್ತದೆ. "ಇದು ಸಪ್ಪೆ ಆಯ್ತು. ಹುಡುಗ ಇನ್ನೂ ಸ್ವಲ್ಪ ಉರೀಬೇಕು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಊರಿಗೆಲ್ಲ ಇವರು ಕತೆಯಕ್ಕ. ಇಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಹಳೆಯ ಹಿಂದಿ ಸಿನಿಮಾ ಹಾಕುತ್ತಾರೆ. ಹಳ್ಳಿ, ಪ್ರೀತಿ, ಅಡ್ಡಬರುವ ಅಪ್ಪ, ಕೊನೆಗೆ ಗುಡುಗು ಸಿಡಿಲು. ನೋಡಲು ಬರುವ ಹೆಂಗಸರಿಗೆ ಹಿಂದಿ ಬಾರದು, ಗುಡಿಸುವ ಕತೆಯಕ್ಕನಿಗೆ ಬರುತ್ತದೆ. ಹೆಂಗಸರ ಸಾಲಿನ ಪಕ್ಕದ ಮೆಟ್ಟಿಲ ಮೇಲೆ ಕೂತು, ತೆರೆಯ ಮೇಲಿನವರು ಆಡಿದ್ದನ್ನು ಅದರ ಬೆನ್ನಿಗೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ಹಾಡು ಬಂದಾಗ ಮಾತ್ರ ಸುಮ್ಮನಾಗಿ ನೀರು ಕುಡಿಯುತ್ತಾರೆ.

ಚಿಕ್ಕವರಿದ್ದಾಗ ಹಿಂದಿಯವರ ಮನೆಯಲ್ಲಿ ಮಗು ಎತ್ತಿಕೊಳ್ಳುವ ಕೆಲಸಕ್ಕಿದ್ದರಂತೆ. ಆ ಮಗುವೂ ಇವರೂ ಜೊತೆಜೊತೆಗೇ ಮಾತು ಕಲಿತರು. "ಅದಕ್ಕೇ ನಂದು ಮಕ್ಕಳ ಹಿಂದಿ. ಕೋರ್ಟಿನ ಸೀನ್ ಬಂದ್ರೆ 'ಇಬ್ರೂ ಜಗಳ ಆಡ್ತಿದ್ದಾರೆ' ಅಂತ ಹೇಳಿ ಮುಗಿಸಿಬಿಡ್ತೀನಿ," ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದರು. ಕತೆ ಹೇಳಲು ಯಾರೂ ನೇಮಿಸಿದ್ದಲ್ಲ. ಒಮ್ಮೆ ನಾದಿನಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ಅಕ್ಕಪಕ್ಕದವರಿಗೂ ಬೇಕಾಯಿತು, ಆಮೇಲೆ ಇಡೀ ಸಾಲಿಗೆ.

ನೋಡಿದ್ದನ್ನೇ ನೋಡಿ ಮಾತೆಲ್ಲ ಬಾಯಿಪಾಠವಾಗಿದೆ. ಅದೇ ಒಮ್ಮೆ ಎಡವಟ್ಟಾಯಿತು. ಹುಡುಗ ಬಾಯಿ ತೆರೆಯುವ ಮೊದಲೇ ಇವರು ವಿದಾಯದ ಮಾತು ಹೇಳಿಬಿಟ್ಟರು. ಹೆಂಗಸರೆಲ್ಲ ಗೊಳೋ ಎಂದು ಅಳುವಾಗ ತೆರೆಯ ಮೇಲೆ ಜೋಡಿ ಇನ್ನೂ ಮಾವಿನ ತೋಪಿನಲ್ಲಿ ನಗುತ್ತಿತ್ತು.

ಸಿನಿಮಾದಲ್ಲಿ ಮಗ ಮೆಚ್ಚಿದ ಗಾಣದವನ ಮಗಳನ್ನು ಒಳಗೆ ಸೇರಿಸದ ಜಮೀನ್ದಾರನಿಗೆ ಈ ಹೆಂಗಸರ ಸಾಲು ಹಿಡಿಶಾಪ ಹಾಕುತ್ತದೆ. ಆದರೆ ಕುರ್ಚಿ ಎಷ್ಟೇ ಖಾಲಿಯಿದ್ದರೂ ಕತೆಯಕ್ಕನ ಜಾಗ ಮೆಟ್ಟಿಲೇ. ಶುರುವಿನಲ್ಲಿ ಒಮ್ಮೆ ಅವರು ಕುರ್ಚಿಯಲ್ಲಿ ಕೂತಿದ್ದರು. ಸಾಲಿನ ನಡುವೆ ಕೂರುವ ಟೀಚರಮ್ಮ ಎದ್ದು ಹೋಗಿ, ಕಸ ಗುಡಿಸುವವಳ ಪಕ್ಕ ಕೂರಲು ತಾನು ಟಿಕೆಟ್ ತಗೊಳ್ಳಬೇಕೇ ಎಂದು ಮ್ಯಾನೇಜರನ್ನು ಕೇಳಿದ್ದರು.

ಈಗ ಕತೆಯಕ್ಕನ ಮಂಡಿ ಊದಿದೆ. ಮೆಟ್ಟಿಲ ಮೇಲೆ ಕೂರಲೇಬಾರದೆಂದು ಡಾಕ್ಟರು ಹೇಳಿದ್ದಾರೆ. ಸಾಲಿನವರು ಒಪ್ಪಿದರೆ ಕುರ್ಚಿಯಲ್ಲಿ ಕೂರಲು ತನ್ನದೇನೂ ಅಡ್ಡಿಯಿಲ್ಲ ಎನ್ನುತ್ತಾನೆ ಮ್ಯಾನೇಜರು. ಇವರು ಯಾರನ್ನೂ ಕೇಳಿಲ್ಲ. ಯಾಕೆಂದು ಕೇಳಿದರೆ ಹೇಳುತ್ತಾರೆ: "ಬೇಡಿ ಕೂತ ಕುರ್ಚಿ ಚುಚ್ಚುತ್ತೆ ಕಣಮ್ಮ. ಈ ತಿಂಗಳು ಕಳೀಲಿ, ಕತೆ ಹೇಳೋದು ನಿಲ್ಲಿಸ್ತೀನಿ. ಗುಡಿಸೋದು ನಿಂತ್ಕೊಂಡೇ ಮಾಡಬಹುದಲ್ಲ."

ಮಧ್ಯಾಹ್ನ ಅದೇ ಜಮೀನ್ದಾರನ ಸಿನಿಮಾ. ಗಾಣದವನ ಮಗಳು ದೊಡ್ಡ ಮನೆಯ ಬಾಗಿಲ ಹೊರಗೆ ನಿಂತಿದ್ದಾಳೆ. ಒಳಗಿನಿಂದ ಜಮೀನ್ದಾರ ಏನೋ ಗುಡುಗುತ್ತಾನೆ. ಅದರ ಬೆನ್ನಿಗೆ ಕನ್ನಡದ ಮಾತು ಕೇಳಿಸುವುದಿಲ್ಲ. ಸಾಲಿಗೆ ಸಾಲೇ ಮೆಟ್ಟಿಲ ಕಡೆ ತಿರುಗುತ್ತದೆ. ಕತೆಯಕ್ಕನ ಕಾಲು ಹಿಡಿದುಕೊಂಡಿದೆ. ಗೋಡೆ ಹಿಡಿದು ಏಳಲು ಹೆಣಗುತ್ತಿದ್ದಾರೆ. ತೆರೆಯ ಬೆಳಕು ಅವರ ಮೇಲೂ ಬಿದ್ದಿದೆ. ಅಳುತ್ತಿದ್ದವರು ಅಳು ನಿಲ್ಲಿಸಿ ನೋಡುತ್ತಾರೆ.

ಟೀಚರಮ್ಮ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. "ಇಲ್ಲಿ ಬಾ. ಅಲ್ಲಿಂದ ಹೇಳಿದ್ರೆ ನಂಗೆ ಅರ್ಧ ಕೇಳ್ಸೋದೇ ಇಲ್ಲ."

"ಪರವಾಗಿಲ್ವಾ ಟೀಚರಮ್ಮ?"

"ಕೂತ್ಕೋ ಅಂದ್ನಲ್ಲ. ಅವನು ಏನಂದ, ಅದು ಹೇಳು ಮೊದಲು."

ಹೆಂಗಸರು ಒಬ್ಬೊಬ್ಬರಾಗಿ ಮಂಡಿ ಓರೆ ಮಾಡಿ ದಾರಿ ಬಿಡುತ್ತಾರೆ. ಯಾರೋ ಮೊಣಕೈ ಹಿಡಿದುಕೊಳ್ಳುತ್ತಾರೆ. ಕತೆಯಕ್ಕ ಕೂರುತ್ತಾರೆ, ಒಮ್ಮೆ ಉಸಿರೆಳೆದುಕೊಂಡು, ತಪ್ಪಿಹೋದ ಮಾತುಗಳನ್ನೆಲ್ಲ ಸೇರಿಸಿ ಹೇಳುತ್ತಾರೆ. ಅವತ್ತಿನ ಹುಡುಗ ಚೆನ್ನಾಗಿಯೇ ಉರಿಯುತ್ತಾನೆ.

ಸಿನಿಮಾ ಮುಗಿದು ಎಲ್ಲರೂ ಹೋದ ಮೇಲೂ ಅವರು ಆ ಕುರ್ಚಿಯಿಂದ ಎದ್ದಿಲ್ಲ. ಟೀಚರಮ್ಮ ಮುಂದಿನ ಆಟಕ್ಕೂ ಇಲ್ಲೇ ಕೂರಬೇಕೆಂದು ಹೇಳಿ ಹೋಗಿದ್ದಾರೆ. ಈಗ ಕತೆ ನಿಲ್ಲಿಸುತ್ತೀರಾ ಎಂದು ಕೇಳಿದರೆ ಕತೆಯಕ್ಕ ಖಾಲಿ ತೆರೆಯನ್ನೇ ನೋಡುತ್ತಾರೆ.

"ಮೆಟ್ಟಿಲಿಂದ ಎಲ್ಲ ಓರೆಯಾಗಿ ಕಾಣೋದು ಕಣಮ್ಮ. ಇಷ್ಟು ವರ್ಷ ಆ ಗಾಣದವನ ಹುಡುಗೀನ ಬಡಕಲು ಅಂದ್ಕೊಂಡು ಮರುಗಿದ್ದೇ ಮರುಗಿದ್ದು. ನೇರ ನೋಡಿದ್ರೆ ಒಳ್ಳೆ ದುಂಡು ಮುಖ. ಮುಂದಿನ ಆಟಕ್ಕೆ ಅವಳನ್ನ ಮೊದಲಿಂದ ನೋಡ್ಬೇಕು."